ಅಡ್ವೆಂಚರ್ ಬೈಕಿಗೆ ಪ್ರತ್ಯೇಕ ಜಿಪಿಎಸ್ ಬೇಕೇ? ಬೇಕಾದರೆ ಯಾವುದು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. ಸವಾರಿಯ ಹೆಚ್ಚಿನ ಪಾಲು ತೀರ್ಥಹಳ್ಳಿ, ಶೃಂಗೇರಿ, ಹೊಸನಗರದ ಒಳರಸ್ತೆಗಳಲ್ಲಿ, ಆಗುಂಬೆ ಮತ್ತು ಹುಲಿಕಲ್ ಘಾಟಿಗಳ ಆಸುಪಾಸಿನಲ್ಲೇ ನಡೆಯುತ್ತದೆ. ಬರುವ ಆಗಸ್ಟಿನಲ್ಲಿ ಮನಾಲಿಯಿಂದ ಹೊರಟು ಸ್ಪಿತಿಯ ಕಾಜಾ ನೋಡಿಕೊಂಡು, ಮರಳಿ ಬಂದು ದಾರ್ಚಾದಿಂದ ಶಿಂಕು ಲಾ ದಾಟಿ ಝನ್ಸ್ಕಾರದ ಪದುಮ್ ತಲುಪಿ, ಅಲ್ಲಿಂದ ಲೇಹ್ ಮತ್ತು ಹಾನ್ಲೆಗೆ ಹೋಗಿಬರಬೇಕೆಂಬ ಯೋಜನೆಯಿದೆ.

ಬೈಕಿನ ದುಂಡನೆಯ ಪರದೆಯಲ್ಲಿ ಗೂಗಲ್ ನಕ್ಷೆ ಮೂಡುತ್ತದೆ ನಿಜ. ಆದರೆ ಅದು ಬರುವುದು ಫೋನಿನಿಂದ. ಫೋನು ಬಿಸಿಯಾಗಿ ನಿಂತರೆ ಅಥವಾ ಅದರ ಬ್ಯಾಟರಿ ಮುಗಿದರೆ ಪರದೆಯಲ್ಲಿ ದಾರಿಯೂ ಇಲ್ಲವಾಗುತ್ತದೆ. ಆದ್ದರಿಂದ ಪ್ರತ್ಯೇಕ ಸಾಧನವೊಂದನ್ನು ಕೊಳ್ಳುವ ಆಲೋಚನೆಯಲ್ಲಿದ್ದೇನೆ. ಗಾರ್ಮಿನ್ ಝೂಮೊ ಎಕ್ಸ್‌ಟಿ, ಅದೇ ಕಂಪನಿಯ ಮೊಂಟಾನಾ 700 ಸರಣಿ, ಫೋನಿನ ನಕ್ಷೆಯನ್ನು ಗಾಡಿಯ ಪರದೆಗೆ ತರುವ ಆಂಡ್ರಾಯ್ಡ್ ಆಟೊ ತೋರಿಸುವ ಜಲನಿರೋಧಕ ಪರದೆಗಳು, ಇಲ್ಲವೇ ಕೇವಲ ದಾರಿಗೆಂದೇ ಮೀಸಲಿಟ್ಟ ಎರಡನೆಯ ಫೋನು, ಇವಿಷ್ಟು ನನ್ನ ಕಣ್ಣ ಮುಂದಿವೆ. ಸುಮಾರು 40,000 ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಮಲೆನಾಡಿನ ಮಳೆಯನ್ನು ತಾಳಬೇಕು, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಕೆಲಸ ಮಾಡಬೇಕು, ಗ್ಲೌಸ್ ಕಳಚದೆ ಬಳಸುವಂತಿರಬೇಕು. ಇಂತಹ ಸಾಧನಗಳನ್ನು ನಿಜವಾಗಿ ಬಳಸಿದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಳೇ ನಕ್ಷೆ

ತುಂಗಾತೀರ ಅವರೇ, ನಿಮ್ಮ ಪಟ್ಟಿಯಲ್ಲಿ ಸಾಧನಗಳ ಹೆಸರುಗಳಿವೆ, ನಕ್ಷೆಯ ಮಾತಿಲ್ಲ. ನನ್ನ ದೃಷ್ಟಿಯಲ್ಲಿ ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು. ಉಪಗ್ರಹದ ಸಂಕೇತವನ್ನು ಹಿಡಿದು ಅಕ್ಷಾಂಶ ರೇಖಾಂಶಗಳನ್ನು ಹೇಳುವ ಕೆಲಸವನ್ನು ಇಂದು ಸಾಧಾರಣ ಬೆಲೆಯ ಫೋನು ಕೂಡ ಚೆನ್ನಾಗಿಯೇ ಮಾಡುತ್ತದೆ. ಅದಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ, ಏಕೆಂದರೆ ಸಾಧನವು ಸಂಕೇತವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಏನನ್ನೂ ಕಳುಹಿಸುವುದಿಲ್ಲ. ನೀವು ನಿಂತಿರುವ ಬಿಂದುವಿನ ಸುತ್ತ ಯಾವ ರಸ್ತೆಯಿದೆ, ಅದು ಡಾಂಬರೋ ಜಲ್ಲಿಯೋ, ಮುಂದೆ ಎಲ್ಲಿ ಸೇರುತ್ತದೆ ಎಂಬುದನ್ನು ಹೇಳುವುದು ನಕ್ಷೆ. ನಕ್ಷೆಯೇ ಇಲ್ಲದ ಕಣಿವೆಯಲ್ಲಿ ದುಬಾರಿ ಸಾಧನವೂ ಖಾಲಿ ಪರದೆಯ ಮೇಲೆ ಒಂದು ಬಾಣವನ್ನಷ್ಟೇ ತೋರಿಸುತ್ತದೆ.

ಗೂಗಲ್ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಆದರೆ ಹಾಗೆ ಬಳಸುವಾಗ ವಾಹನ ದಟ್ಟಣೆಯ ಮಾಹಿತಿಯಾಗಲಿ ಬದಲಿ ದಾರಿಗಳಾಗಲಿ ಸಿಗುವುದಿಲ್ಲ, ಹೊರಟ ಜಾಗದಿಂದ ತಲುಪುವ ಜಾಗದವರೆಗಿನ ದಾರಿಯೆಲ್ಲವೂ ಇಳಿಸಿಕೊಂಡ ಚೌಕದೊಳಗೇ ಇರಬೇಕು, ಅವಧಿ ಮೀರಿದ ನಕ್ಷೆಯನ್ನು ಮತ್ತೆ ನವೀಕರಿಸಬೇಕು. ಹೆದ್ದಾರಿಗೆ ಇಷ್ಟು ಸಾಕು. ಝನ್ಸ್ಕಾರಕ್ಕೂ ನಮ್ಮ ಮಲೆನಾಡಿನ ಕಾಲುದಾರಿಗಳಿಗೂ, ಸ್ವಯಂಸೇವಕರು ಕೂಡಿ ರಚಿಸಿದ ಓಪನ್ ಸ್ಟ್ರೀಟ್ ಮ್ಯಾಪ್ ಆಧರಿಸಿದ ಆಪ್‌ಗಳು ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಓಸ್ಮ್ಯಾಂಡ್ ಎಂಬುದರಲ್ಲಿ ಇಡೀ ರಾಜ್ಯದ ನಕ್ಷೆಯನ್ನು ಫೋನಿನಲ್ಲಿಯೇ ಇಟ್ಟುಕೊಂಡು, ದಾರಿಯ ಬಿಂದುಗಳನ್ನು ಉಳಿಸಿಡುವ ಜಿಪಿಎಕ್ಸ್ ಕಡತವನ್ನು ತೆರೆದು ಅದೇ ಗೆರೆಯ ಉದ್ದಕ್ಕೂ ತಿರುವುಗಳನ್ನು ಹೇಳಿಸಿಕೊಳ್ಳಬಹುದು. ನೆಲದ ಎತ್ತರ ತೋರಿಸುವ ಸಮೋನ್ನತಿ ರೇಖೆಗಳನ್ನೂ ಸೇರಿಸಿಕೊಳ್ಳಬಹುದು. ಕಲಿಯಲು ಕೊಂಚ ತಾಳ್ಮೆ ಬೇಕು, ಆಯ್ಕೆಗಳು ಅತಿಯಾಗಿವೆ. ಆರ್ಗ್ಯಾನಿಕ್ ಮ್ಯಾಪ್ಸ್ ಹಗುರವಾದದ್ದು, ಮೊದಲ ದಿನವೇ ಅರ್ಥವಾಗುತ್ತದೆ.

ಆದರೂ ಈ ನಕ್ಷೆಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸ್ವಯಂಸೇವಕರು ಎಳೆದ ಗೆರೆಯೊಂದು ಲಾರಿ ಓಡಾಡುವ ರಸ್ತೆಯೂ ಆಗಿರಬಹುದು, ಕಾಫಿ ತೋಟದೊಳಗಿನ ಖಾಸಗಿ ದಾರಿಯೂ ಆಗಿರಬಹುದು, ಕಳೆದ ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋಗಿ ಬಳಕೆ ತಪ್ಪಿದ ಹಾದಿಯೂ ಆಗಿರಬಹುದು. ಕುದುರೆಮುಖದ ರಾಷ್ಟ್ರೀಯ ಉದ್ಯಾನದೊಳಗಿನ ಗೆರೆಯನ್ನು ಸಾಧನವು ದಾರಿಯೆಂದು ತೋರಿಸಿದ ಮಾತ್ರಕ್ಕೆ ಅಲ್ಲಿ ಗಾಡಿ ಓಡಿಸುವ ಅನುಮತಿ ದೊರೆತಂತಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಹೊಕ್ಕರೆ ಅಪರಾಧ. ಹಾಗೆಯೇ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರದ ಕಾಡಿನೊಳಗೆ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಾಧನವು ರಾತ್ರಿ ಹತ್ತು ಗಂಟೆಗೂ ಅದೇ ದಾರಿಯನ್ನು ಅತಿ ಹತ್ತಿರದ್ದೆಂದು ಸೂಚಿಸೀತು. ಇಂತಹ ವಿಷಯಗಳನ್ನು ಸವಾರನೇ ತಿಳಿದಿರಬೇಕು.

ಇನ್ನೊಂದು ಮಾತು, ಹೊಸಬರಲ್ಲಿ ಹಲವರನ್ನು ದಾರಿ ತಪ್ಪಿಸುವಂಥದ್ದು. ಜಿಪಿಎಕ್ಸ್ ಕಡತದಲ್ಲಿ ಟ್ರ್ಯಾಕ್ ಬೇರೆ, ರೂಟ್ ಬೇರೆ. ಟ್ರ್ಯಾಕ್ ಎಂದರೆ ಯಾರೋ ಒಬ್ಬರು ನಿಜವಾಗಿ ಹೋದ ಹಾದಿಯಲ್ಲಿ ಸಾಲಾಗಿ ದಾಖಲಾದ ಬಿಂದುಗಳು, ಅದು ಬದಲಾಗುವುದಿಲ್ಲ. ರೂಟ್ ಎಂದರೆ ಮುಖ್ಯ ನಿಲುಗಡೆಗಳ ಪಟ್ಟಿ. ನಡುವಿನ ದಾರಿಯನ್ನು ನಿಮ್ಮ ಸಾಧನವೇ ತನ್ನ ನಕ್ಷೆ ಮತ್ತು ನಿಮ್ಮ ಸೆಟ್ಟಿಂಗ್ ನೋಡಿ ಲೆಕ್ಕ ಹಾಕುತ್ತದೆ. ‘ಕಚ್ಚಾ ರಸ್ತೆ ಬೇಡ’ ಎಂಬ ಆಯ್ಕೆ ಚಾಲೂ ಇದ್ದರೆ, ಗೆಳೆಯರು ಕಳುಹಿಸಿದ ಸೊಗಸಾದ ಕಾಡಂಚಿನ ರೂಟು ನಿಮ್ಮ ಸಾಧನದಲ್ಲಿ ಸದ್ದಿಲ್ಲದೆ ಹೆದ್ದಾರಿಯಾಗಿ ಮಾರ್ಪಡುತ್ತದೆ. ಕಚ್ಚಾ ಹಾದಿಯ ಸವಾರಿಗೆ ಟ್ರ್ಯಾಕ್ ಅನ್ನೇ ಕೇಳಿ ಪಡೆಯಿರಿ, ದಾರಿ ತಪ್ಪಿದಾಗ ತಾನಾಗಿ ಮರುಲೆಕ್ಕ ಹಾಕುವ ಸೌಲಭ್ಯವನ್ನು ನಿಲ್ಲಿಸಿಡಿ. ಕೊಳ್ಳುವ ಸಾಧನ ಯಾವುದೇ ಆಗಲಿ, ಟ್ರ್ಯಾಕ್ ಅನ್ನು ಟ್ರ್ಯಾಕ್ ಆಗಿಯೇ ತೋರಿಸಬಲ್ಲದೇ ಎಂದು ಅಂಗಡಿಯಲ್ಲೇ ಪರೀಕ್ಷಿಸಬೇಕು. ಕಾರಿಗೆಂದು ಮಾಡಿದ ಅಗ್ಗದ ಸಾಧನಗಳಲ್ಲಿ ಹಲವು ಎಡವುವುದು ಇಲ್ಲಿಯೇ.

ಒಟ್ಟಿನಲ್ಲಿ ನನ್ನ ಮತ ಎರಡನೆಯ ಫೋನಿಗೆ. ನೀರು ತಾಳುವ, ಎರಡು ತರಂಗಾಂತರಗಳ ಉಪಗ್ರಹ ಸಂಕೇತ ಹಿಡಿಯುವ ಫೋನೊಂದನ್ನು ದಾರಿಗೆಂದೇ ಇಟ್ಟುಕೊಂಡರೆ ನಿಮ್ಮ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಕಡಿದಾದ ಬಂಡೆಯ ಬುಡದಲ್ಲಿ ಕೊರೆದ ಕಿನ್ನೌರ್, ಸ್ಪಿತಿಯ ರಸ್ತೆಗಳಲ್ಲಿ ಸಂಕೇತವು ಬಂಡೆಗೆ ಬಡಿದು ಪ್ರತಿಫಲಿಸಿ ಬರುವುದರಿಂದ ಸ್ಥಾನವು ನದಿಯ ಆಚೆ ದಡಕ್ಕೆ ಜಿಗಿಯುವುದುಂಟು. ಎಲ್1 ಮತ್ತು ಎಲ್5 ಎಂಬ ಆ ಎರಡೂ ತರಂಗಾಂತರಗಳನ್ನು ಹಿಡಿಯುವ ಚಿಪ್ಪಿನಲ್ಲಿ ಈ ದೋಷ ಕಡಿಮೆ.

ಉತ್ತರ: ಕಡಲತಡಿ

ಹಳೇ ನಕ್ಷೆ ಅವರು ನಕ್ಷೆಯ ಬಗ್ಗೆ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಫೋನೇ ಸಾಕೆಂಬ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ನಾನು ಇರುವುದು ಉಡುಪಿಯ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಹತ್ತಿ ಇಳಿಯುವವರಿಗೆ ಫೋನಿನ ಪರದೆ ಎಂಬುದು ಎಂತಹ ಪರೀಕ್ಷೆ ಎಂದು ಗೊತ್ತು. ಫೋನು ನೀರಿನಲ್ಲಿ ಹಾಳಾಗದಿರಬಹುದು, ಆದರೆ ಅದರ ಪರದೆ ಮಳೆಹನಿಯನ್ನೂ ಬೆರಳೆಂದೇ ತಿಳಿಯುತ್ತದೆ. ನಕ್ಷೆ ತಾನಾಗಿ ಹಿಗ್ಗುತ್ತದೆ, ಕುಗ್ಗುತ್ತದೆ, ದಾರಿ ರದ್ದಾಗುತ್ತದೆ, ಕೆಲವೊಮ್ಮೆ ಯಾರಿಗೋ ಕರೆಯೂ ಹೋಗುತ್ತದೆ. ಚಾರ್ಜಿಂಗ್ ಕಿಂಡಿಯಲ್ಲಿ ತೇವ ಕಂಡರೆ ಎಷ್ಟೋ ಫೋನುಗಳು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತವೆ. ಅದು ಸುರಕ್ಷತೆಗಾಗಿಯೇ ಇರುವ ಏರ್ಪಾಡು, ಆದರೆ ಆಗುಂಬೆಯ ನಡುಘಾಟಿಯಲ್ಲಿ ಅದರಿಂದ ಪ್ರಯೋಜನವಿಲ್ಲ.

ಬಿಸಿಲಿನಲ್ಲಿ ಇದಕ್ಕೆ ವಿರುದ್ಧವಾದ ಕಷ್ಟ. ಐಫೋನ್ ಅನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಸ್ವತಃ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಹೊರಟರೆ ಗಾಳಿಯ ಉಷ್ಣತೆಯೇ 40 ದಾಟಿರುತ್ತದೆ. ಫೋನು ನೇರ ಬಿಸಿಲಿನಲ್ಲಿ, ಚಾರ್ಜ್ ಆಗುತ್ತಾ, ಪೂರ್ಣ ಪ್ರಕಾಶದಲ್ಲಿ ಉರಿಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಅದು ತನ್ನನ್ನು ಕಾಪಾಡಿಕೊಳ್ಳಲು ಪರದೆಯನ್ನು ಮಬ್ಬು ಮಾಡುತ್ತದೆ, ಬಳಿಕ ಆರಿಹೋಗುತ್ತದೆ. ಬಿಸಿಲು ಹೆಚ್ಚಾಗಿ ಪರದೆಯ ಪ್ರಕಾಶ ಬೇಕಾದ ಹೊತ್ತಿನಲ್ಲೇ ಅದು ಮಬ್ಬಾಗುವುದು ಈ ಏರ್ಪಾಡಿನ ವಿಪರ್ಯಾಸ.

ಝೂಮೊ ಎಕ್ಸ್‌ಟಿ 2020ರಲ್ಲಿ ಬಂದದ್ದು. 5.5 ಇಂಚಿನ, 1000 ನಿಟ್ಸ್ ಪ್ರಕಾಶದ ಪರದೆ. ಗ್ಲೌಸ್ ಹಾಕಿದ ಬೆರಳಿಗೂ ಮಳೆಗೂ ಹೊಂದಿಸಿದ ಸ್ಪರ್ಶ. ಐಪಿಎಕ್ಸ್7 ಮಟ್ಟದ ಜಲನಿರೋಧ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳಬೇಕು. ಒಳಗಿನ ಬ್ಯಾಟರಿ 6 ಗಂಟೆಯವರೆಗೆ, ಪೂರ್ಣ ಪ್ರಕಾಶದಲ್ಲಿ ಮೂರೂವರೆ ಗಂಟೆ ಬರುತ್ತದೆಂದು ಕಂಪನಿ ಹೇಳುತ್ತದೆ. ಆದರೆ ಬೈಕಿನ ಮೌಂಟಿನಿಂದಲೇ ವಿದ್ಯುತ್ ಪಡೆಯುವುದರಿಂದ ಅದು ನಿಲುಗಡೆಯಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬಹಳ ಮಂದಿ ಗಮನಿಸದ ಅನುಕೂಲವೊಂದಿದೆ: ಗಾರ್ಮಿನ್‌ಗೆ ಒಗ್ಗುವ ರೂಪದಲ್ಲಿ ಸಿಗುವ ಓಪನ್ ಸ್ಟ್ರೀಟ್ ನಕ್ಷೆಗಳನ್ನು ಇದರೊಳಗೂ ಹಾಕಿಕೊಳ್ಳಬಹುದು. ಹಾಗಾಗಿ ನಕ್ಷೆಯ ವಿಷಯದಲ್ಲಿ ಫೋನು ಮೇಲು ಎಂಬ ವಾದ ಅರ್ಧ ಮಾತ್ರ ನಿಜ.

ಇದರ ಅನನುಕೂಲಗಳೂ ಇವೆ. ಊರಿನೊಳಗೆ ಹೋಟೆಲಿನ ಹೆಸರು, ಅಂಗಡಿಯ ವಿಳಾಸ ಹುಡುಕುವಾಗ ಇದು ಗೂಗಲ್‌ನ ಹತ್ತಿರಕ್ಕೂ ಬರುವುದಿಲ್ಲ. ಬೆಲೆ ಫೋನಿಗಿಂತ ಬಹಳ ಹೆಚ್ಚು. ವಿದೇಶದಲ್ಲಿರುವ ಬಂಧುಗಳ ಮೂಲಕ ತರಿಸುವುದಾದರೆ ಜೊತೆಯಲ್ಲಿ ಬರುವುದು ಆ ದೇಶದ ನಕ್ಷೆ ಎಂಬುದನ್ನು ಮರೆಯಬೇಡಿ, ವಾರಂಟಿ ಇಲ್ಲಿ ಅನ್ವಯಿಸುತ್ತದೆಯೇ ಎಂದೂ ಮೊದಲೇ ವಿಚಾರಿಸಿ. ವರ್ಷಕ್ಕೊಮ್ಮೆ ಲಡಾಖಿಗೆ ಹೋಗುವವರಿಗೆ ಇದು ಅಗತ್ಯವಲ್ಲ. ಇಡೀ ಮಳೆಗಾಲ ಘಟ್ಟದಲ್ಲಿ ಓಡಿಸುವ ನಿಮ್ಮಂಥವರಿಗೆ ಅಗತ್ಯ ಎಂದೇ ನನ್ನ ಅಭಿಪ್ರಾಯ.

ಉತ್ತರ: ಗಡಿರೇಖೆ

ಮೊಂಟಾನಾದ ಹೆಸರು ಬಂದಿರುವುದರಿಂದ ಒಂದು ಎಚ್ಚರಿಕೆ. ಆ ಸರಣಿಯಲ್ಲಿ 700 ಎಂಬುದು ಬರೀ ದಾರಿ ತೋರಿಸುವ ಸಾಧನ. 700ಐ ಮತ್ತು 750ಐ ಎಂಬವುಗಳಲ್ಲಿ ಇನ್‌ರೀಚ್ ಎಂಬ ಸೌಲಭ್ಯವಿದ್ದು, ಅವು ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶವನ್ನು ಕಳುಹಿಸುತ್ತವೆ, ಪಡೆಯುತ್ತವೆ. ನೋಡಲು 700 ಮತ್ತು ಈ ‘ಐ’ ಮಾದರಿಗಳು ಒಂದೇ ತರಹ. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ. ಉಪಗ್ರಹದಿಂದ ಸಂಕೇತ ಪಡೆಯುವುದಕ್ಕೆ ಭಾರತದಲ್ಲಿ ಯಾವ ಅಡ್ಡಿಯೂ ಇಲ್ಲ. ಉಪಗ್ರಹಕ್ಕೆ ಸಂದೇಶ ಕಳುಹಿಸುವ ಸಾಧನವನ್ನು ಸರ್ಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು, ಬಳಸುವುದು ಅಪರಾಧ. ಥುರಾಯಾ ಮತ್ತು ಇರಿಡಿಯಂ ಉಪಗ್ರಹ ಫೋನುಗಳಿಗೆ ನಿಷೇಧವಿದ್ದು, ಬಿಎಸ್ಎನ್ಎಲ್ ಮೂಲಕ ಅನುಮತಿ ಪಡೆದ ಇನ್‌ಮಾರ್ಸ್ಯಾಟ್ ಉಪಗ್ರಹ ಸೇವೆಗೆ ಮಾತ್ರ ಅವಕಾಶವಿರುತ್ತದೆ.

ಇದು ಪುಸ್ತಕದಲ್ಲಿ ಮಾತ್ರ ಉಳಿದ ಕಾನೂನಲ್ಲ. 2024ರ ಡಿಸೆಂಬರಿನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಇಂತಹ ಸಾಧನ ಹೊಂದಿದ್ದ ವಿದೇಶಿ ಪ್ರವಾಸಿಗರನ್ನು ವಶಕ್ಕೆ ಪಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನೀವು ಹೋಗಬೇಕೆಂದಿರುವ ಹಾನ್ಲೆ ಗಡಿಗೆ ಹತ್ತಿರದ ಪ್ರದೇಶ, ದಾರಿಯುದ್ದಕ್ಕೂ ತಪಾಸಣಾ ಠಾಣೆಗಳಿವೆ. ಆಲ್ಪ್ಸ್ ಪರ್ವತದಲ್ಲಿ ಓಡಿಸುವ ನಮ್ಮವರು ಇನ್‌ರೀಚ್ ಇಲ್ಲದೆ ಹೊರಡಲೇಬೇಡಿ ಎಂದು ಬರೆಯುವುದುಂಟು. ಅಲ್ಲಿಗೆ ಆ ಸಲಹೆ ಸರಿ, ಇಲ್ಲಿಗೆ ಅಲ್ಲ. ಹಳೆಯದನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯಲ್ಲಿ ಆ ‘ಐ’ ಇದೆಯೇ ಎಂದು ನೋಡಿಯೇ ಹಣ ಕೊಡಿ.

ಇನ್ನು ಲಡಾಖಿನಲ್ಲಿ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ತುರ್ತಿನ ಮಾತು ಬಂದಾಗ ಜಿಪಿಎಸ್‌ಗಿಂತ ಮೊದಲು ಯೋಚಿಸಬೇಕಾದದ್ದು ಅದು.

ಉತ್ತರ: ಹುಬ್ಬಳ್ಳಿ ಗ್ಯಾರೇಜು

ಬೈಕುಗಳಿಗೆ ಇಂತಹವನ್ನೆಲ್ಲ ಕೂರಿಸುವುದು ನನ್ನ ಕೆಲಸ. ಸಾಧನವನ್ನು ಒಂದು ತಿಂಗಳು ಅಳೆದು ಸುರಿದು ಆರಿಸುವವರು ಅದನ್ನು ಕೂರಿಸುವ ಮೌಂಟಿಗೂ ವೈರಿಗೂ ಐದು ನಿಮಿಷ ಕೊಡುವುದಿಲ್ಲ. ಗ್ಯಾರೇಜಿಗೆ ಬರುವ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲಿಯೇ.

ಮೊದಲು ಅದುರುವಿಕೆ. 2021ರಲ್ಲಿ ಆಪಲ್ ಕಂಪನಿಯೇ ಪ್ರಕಟಣೆ ನೀಡಿ, ಹೆಚ್ಚು ಶಕ್ತಿಯ ಮೋಟಾರ್‌ಸೈಕಲ್ ಎಂಜಿನ್ನುಗಳ ಕಂಪನಕ್ಕೆ ನೇರವಾಗಿ ಒಡ್ಡಿದರೆ ಐಫೋನ್ ಕ್ಯಾಮೆರಾ ಹಾಳಾಗಬಹುದೆಂದು ಎಚ್ಚರಿಸಿತು. ಚಿತ್ರ ಅಲುಗದಂತೆ ಮಾಡಲು ಕ್ಯಾಮೆರಾದ ಮಸೂರವನ್ನು ಅತಿ ಸೂಕ್ಷ್ಮ ಚಲನೆಗೆ ಬಿಟ್ಟಿರುತ್ತಾರೆ. ಒಂದೇ ಸಮನೆ ಅದುರಿದರೆ ಆ ಭಾಗವೇ ಸಡಿಲವಾಗುತ್ತದೆ. ಹಿಮಾಲಯನ್‌ನಂಥ ಒಂದೇ ಸಿಲಿಂಡರಿನ ಗಾಡಿಯಲ್ಲಿ ಕಂಪನ ಇದ್ದೇ ಇರುತ್ತದೆ. ಆದ್ದರಿಂದ ದಿನಬಳಕೆಯ ಒಳ್ಳೆಯ ಫೋನನ್ನು ಹ್ಯಾಂಡಲ್‌ಬಾರಿಗೆ ಕಟ್ಟಬೇಡಿ. ಎರಡನೆಯ ಫೋನು ಎಂದರೆ ಕ್ಯಾಮೆರಾ ಹೋದರೂ ಚಿಂತೆಯಿಲ್ಲದ ಫೋನು ಎಂದರ್ಥ. ಅದಕ್ಕೂ ಕಂಪನ ತಗ್ಗಿಸುವ ರಬ್ಬರ್ ಡ್ಯಾಂಪರ್ ಇರುವ ಮೌಂಟನ್ನೇ ಹಾಕಿಸಿ.

ಎರಡನೆಯದು ವಿದ್ಯುತ್. ನಿಮ್ಮ ಗಾಡಿಯಲ್ಲಿ ಟೈಪ್-ಸಿ ಕಿಂಡಿ ಇದೆ, ಸಾಧಾರಣ ಬಳಕೆಗೆ ಸಾಕು. ಆದರೆ ಪರದೆ ಪೂರ್ಣ ಪ್ರಕಾಶದಲ್ಲಿ ಉರಿಯುತ್ತಾ ಜಿಪಿಎಸ್ ಓಡುತ್ತಿರುವಾಗ ಫೋನು ತಿನ್ನುವ ವಿದ್ಯುತ್ತು ಒಳಬರುವುದಕ್ಕಿಂತ ಹೆಚ್ಚಿದ್ದರೆ, ಚಾರ್ಜರ್ ಚುಚ್ಚಿದ್ದರೂ ಸಂಜೆಯ ಹೊತ್ತಿಗೆ ಬ್ಯಾಟರಿ ಇಳಿದಿರುತ್ತದೆ. ಮನೆಯ ಹತ್ತಿರವೇ ಅರ್ಧ ದಿನ ಓಡಿಸಿ ಶೇಕಡಾವಾರು ಏರುತ್ತದೋ ಇಳಿಯುತ್ತದೋ ನೋಡಿ. ಝೂಮೊ ಕೂರಿಸುವುದಾದರೆ ಅದರ ಮೌಂಟಿನ ವೈರನ್ನು ಇಗ್ನಿಷನ್ ಚಾಲೂ ಇದ್ದಾಗ ಮಾತ್ರ ವಿದ್ಯುತ್ ಬರುವ ತಂತಿಗೆ, ನಡುವೆ ಫ್ಯೂಸ್ ಇಟ್ಟು ಸೇರಿಸಬೇಕು. ಬ್ಯಾಟರಿಗೇ ನೇರವಾಗಿ ಕಟ್ಟಿಸಿಕೊಂಡವರ ಗಾಡಿ ಕೆಲ ದಿನ ನಿಂತ ಮೇಲೆ ಸ್ಟಾರ್ಟ್ ಆಗುವುದಿಲ್ಲ, ಬೈಯುವುದು ಮಾತ್ರ ಬ್ಯಾಟರಿಯನ್ನು. ಹೆಡ್‌ಲೈಟಿನ ವೈರನ್ನು ಕತ್ತರಿಸಿ ಸೇರಿಸುವವರ ಹತ್ತಿರ ಹೋಗಲೇಬೇಡಿ. ಹೊಸ ಗಾಡಿಯ ವಾರಂಟಿಗೂ ಅದು ಕುತ್ತು.

ಆಂಡ್ರಾಯ್ಡ್ ಆಟೊ ಪರದೆಗಳ ಬಗ್ಗೆ ಯಾರೂ ಹೇಳಿಲ್ಲ. ಅವು ಕನ್ನಡಿಯ ಹಾಗೆ, ಸ್ವಂತ ಬುದ್ಧಿ ಇಲ್ಲ. ಫೋನಿನಲ್ಲಿ ಇರುವುದನ್ನು ತೋರಿಸುತ್ತವೆ. ಫೋನು ಮಳೆ, ಬಿಸಿಲು, ಅದುರುವಿಕೆ ಮೂರರಿಂದಲೂ ದೂರವಾಗಿ ಜಾಕೆಟ್ಟಿನ ಜೇಬಿನಲ್ಲೋ ಟ್ಯಾಂಕ್ ಬ್ಯಾಗಿನಲ್ಲೋ ಉಳಿಯುವುದು ಅದರ ದೊಡ್ಡ ಲಾಭ. ಆದರೆ ನಿಮ್ಮ ಗಾಡಿಯ ಪರದೆ ಈಗಾಗಲೇ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತಿದೆ. ಒಂದೇ ಫೋನನ್ನು ನಂಬಿದ ಎರಡು ಪರದೆ ನಿಮಗೆ ಏಕೆ?

ಮರುಪ್ರಶ್ನೆ: ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಆಂಡ್ರಾಯ್ಡ್ ಆಟೊ ಪರದೆಯನ್ನೂ ಮೊಂಟಾನಾವನ್ನೂ ಪಟ್ಟಿಯಿಂದ ತೆಗೆದಿದ್ದೇನೆ. ಸದ್ಯಕ್ಕೆ ನೀರು ತಾಳುವ ಎರಡನೆಯ ಫೋನು ಮತ್ತು ಡ್ಯಾಂಪರ್ ಇರುವ ಮೌಂಟು ಕೊಂಡು, ಜೂನ್, ಜುಲೈ ತಿಂಗಳ ಮಳೆಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ನೋಡಿ, ಝೂಮೊ ವಿಷಯವನ್ನು ಆಮೇಲೆ ತೀರ್ಮಾನಿಸುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ ಫೋನು ಚಾಲೂ ಮಾಡಿದಾಗ ಸ್ಥಾನ ತೋರಿಸಲು ಬಹಳ ಹೊತ್ತು ಹಿಡಿಯುತ್ತದೆ, ಇದು ದೋಷವೇ? ಹಾಗೆಯೇ ಒಂದು ಆಪ್ ಮಲ್ಪೆಯ ಕಡಲ ತೀರದಲ್ಲಿ ಎತ್ತರವನ್ನು ಸಮುದ್ರಮಟ್ಟಕ್ಕಿಂತ ಬಹಳ ಕೆಳಗೆ ತೋರಿಸಿತು. ಇಂತಹ ಫೋನನ್ನು ಶಿಂಕು ಲಾದ ಎತ್ತರದಲ್ಲಿ ನಂಬುವುದು ಹೇಗೆ?

ಉತ್ತರ: ಹಳೇ ನಕ್ಷೆ

ಎರಡೂ ದೋಷವಲ್ಲ. ಸಿಗ್ನಲ್ ಇರುವಾಗ ಫೋನು ಉಪಗ್ರಹಗಳ ಕಕ್ಷೆಯ ವಿವರವನ್ನು ಇಂಟರ್ನೆಟ್ ಮೂಲಕ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಸಿಗ್ನಲ್ ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಜಿಪಿಎಸ್ ಉಪಗ್ರಹವು ಈ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ನಿಧಾನಗತಿಯಲ್ಲಿ, 30 ಸೆಕೆಂಡಿಗೊಮ್ಮೆ ಪುನರಾವರ್ತಿಸುತ್ತದೆ. ಗಾಡಿ ಓಡುತ್ತಾ ಮರದ ಮರೆಯಲ್ಲೋ ಬಂಡೆಯ ಮರೆಯಲ್ಲೋ ಸಂಕೇತ ಕಡಿದರೆ ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಆಕಾಶ ಕಾಣುವ ಬಯಲಿನಲ್ಲಿ ಎರಡು ಮೂರು ನಿಮಿಷ ನಿಲ್ಲಿಸಿಡಿ, ಸಾಕು. ಅಟಲ್ ಸುರಂಗದ 9 ಕಿ.ಮೀ. ಒಳಗೆ ಸ್ಥಾನ ಸಿಗದಿರುವುದೂ ಸಹಜವೇ, ಹೊರಬಂದ ಮೇಲೆ ಸರಿಹೋಗುತ್ತದೆ.

ಎತ್ತರದ ವಿಷಯ ಸ್ವಾರಸ್ಯದ್ದು. ಉಪಗ್ರಹದ ಸಂಕೇತದಿಂದ ಫೋನು ಎತ್ತರವನ್ನು ಲೆಕ್ಕ ಹಾಕುವುದು ಭೂಮಿಯನ್ನು ನಯವಾದ ದೀರ್ಘಗೋಳವೆಂದು ಭಾವಿಸಿ. ನಿಜವಾದ ಸಮುದ್ರಮಟ್ಟ ಗುರುತ್ವಕ್ಕೆ ತಕ್ಕಂತೆ ಏರಿಳಿಯುತ್ತದೆ, ಮತ್ತು ಹಿಂದೂ ಮಹಾಸಾಗರದಲ್ಲಿ ಶ್ರೀಲಂಕಾದ ದಕ್ಷಿಣಕ್ಕೆ ಅದು ಜಗತ್ತಿನಲ್ಲೇ ಅತಿ ಕೆಳಗಿದೆ. ಹೀಗಾಗಿ ದಕ್ಷಿಣ ಭಾರತದಲ್ಲಿ ತಿದ್ದುಪಡಿ ಮಾಡದ ಆಪ್‌ಗಳು ಎತ್ತರವನ್ನು 80, 90 ಮೀಟರಿನಷ್ಟು ಕಡಿಮೆ ತೋರಿಸುವುದುಂಟು. ಸೆಟ್ಟಿಂಗಿನಲ್ಲಿ ಎತ್ತರವನ್ನು ನಿಜವಾದ ಸಮುದ್ರಮಟ್ಟಕ್ಕೆ ಹೊಂದಿಸುವ ಜಿಯಾಯ್ಡ್ ತಿದ್ದುಪಡಿ ಎಂಬುದಿದ್ದರೆ ಹಾಕಿಕೊಳ್ಳಿ. ಎಡಬಲದ ಸ್ಥಾನಕ್ಕೂ ಇದಕ್ಕೂ ಸಂಬಂಧವಿಲ್ಲ, ದಾರಿ ತಪ್ಪುವುದಿಲ್ಲ.

ಹೊರಡುವ ಮುನ್ನ ಒಮ್ಮೆ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ತೀರ್ಥಹಳ್ಳಿಯಿಂದ ಹುಲಿಕಲ್ ಘಾಟಿಯ ಮೂಲಕ ಕುಂದಾಪುರಕ್ಕೆ ಹೋಗಿಬನ್ನಿ. ಇಳಿಸಿಕೊಂಡ ನಕ್ಷೆಯಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಮನೆಯ ಹತ್ತಿರವೇ ಗೊತ್ತಾಗಲಿ. ಪೆಟ್ರೋಲ್ ಬಂಕುಗಳನ್ನು ಅಲ್ಲಿ ಹೋಗಿ ಹುಡುಕುತ್ತೇನೆ ಎಂದುಕೊಳ್ಳಬೇಡಿ. ತಾಂಡಿ, ಕಾಜಾ, ಲೇಹ್ ಹತ್ತಿರದ ಕಾರು ಎಂಬ ಊರು, ಲೇಹ್, ಈ ಕಡೆಗಳ ಬಂಕುಗಳನ್ನು ಈಗಲೇ ಬಿಂದುಗಳಾಗಿ ಉಳಿಸಿಟ್ಟು, ಒಂದರಿಂದ ಇನ್ನೊಂದಕ್ಕೆ ಎಷ್ಟು ಕಿ.ಮೀ. ಎಂಬುದನ್ನು ಚೀಟಿಯೊಂದರಲ್ಲಿ ಬರೆದು ಟ್ಯಾಂಕ್ ಬ್ಯಾಗಿನ ಮೇಲಿನ ಪಾರದರ್ಶಕ ಜೇಬಿನಲ್ಲಿ ಇಟ್ಟುಕೊಳ್ಳಿ.